ಲೆಕ್ಕಕ್ಕೆ ಬಾರದವರು

ಕೆಲಸ ಮಾಡಿದವರ ಹೆಸರು ಅಳಿಸಿಹೋದರೆ ಅದು ಮರೆವೋ, ಕಳ್ಳತನವೋ? ಮರೆವು ಅಂದುಬಿಟ್ಟರೆ ಎಲ್ಲರಿಗೂ ಸಮಾಧಾನ, ಯಾರ ಮೇಲೂ ತಪ್ಪು ಬರೋದಿಲ್ಲ. ಆದರೆ ಗೆಳೆಯರೇ, ಪಹಣಿಯಲ್ಲಿ ಉಳುವವನ ಹೆಸರು ಬಿಟ್ಟುಹೋಗುವುದು ಮರೆವಿನಿಂದಲ್ಲ ಅಂತ ನಮಗೆ ಗೊತ್ತು. ಚರಿತ್ರೆಗೂ ಒಂದು ಪಹಣಿ ಉಂಟು. ಸಿನಿಮಾದ ಪಹಣಿಯನ್ನೇ ಒಮ್ಮೆ ತೆಗೆದು ನೋಡೋಣ.

ಅಲೀಸ್ ಗೀ ಎಂಬಾಕೆ ಪ್ಯಾರಿಸ್ಸಿನಲ್ಲಿ ಲಿಯೊನ್ ಗೋಮಾಂಟ್ ಎಂಬ ಕ್ಯಾಮೆರಾ ವ್ಯಾಪಾರಿಯ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಂಡಿದ್ದವಳು. 1895ರ ಮಾರ್ಚ್‌ನಲ್ಲಿ ಲೂಮಿಯೇರ್ ಸಹೋದರರು ಚಲಿಸುವ ಚಿತ್ರ ತೋರಿಸಿದಾಗ ಆಕೆಯೂ ಕೂತು ನೋಡಿದಳು. ಕಾರ್ಖಾನೆಯಿಂದ ಹೊರಬರುವ ಕೂಲಿಕಾರರ ಚಿತ್ರ ಅದು. ಗಂಡಸರಿಗೆ ಯಂತ್ರ ಕಂಡಿತು. ಈ ಯಂತ್ರದಲ್ಲಿ ಕಥೆ ಹೇಳಬಹುದಲ್ಲ ಅನ್ನೋದು ಆಕೆಗೆ ಹೊಳೆಯಿತು. ಯಜಮಾನ ಒಪ್ಪಿದ, ಕಚೇರಿ ಕೆಲಸಕ್ಕೆ ಅಡ್ಡಿಯಾಗಬಾರದು ಎಂಬ ಷರತ್ತಿನ ಮೇಲೆ. ಎಲೆಕೋಸಿನ ನಡುವಿನಿಂದ ಕೂಸುಗಳನ್ನು ಎತ್ತಿಕೊಡುವ ಯಕ್ಷಿಣಿಯ ಪುಟ್ಟ ಚಿತ್ರವನ್ನು 1896ರಲ್ಲಿ ತೆಗೆದೆ ಎಂದು ಆಕೆಯೇ ಬರೆದಿದ್ದಾಳೆ. ಮುಂದೆ ಸುಮಾರು ಹತ್ತು ವರ್ಷ ಆ ಕಂಪನಿಯ ಚಿತ್ರಗಳೆಲ್ಲ ಆಕೆಯ ಉಸ್ತುವಾರಿಯಲ್ಲೇ ಬಂದವು. ಟಾಕಿ ಚಿತ್ರಗಳಿಗೆ ಎಷ್ಟೋ ವರ್ಷ ಮುಂಚೆಯೇ ಗ್ರಾಮಫೋನ್ ತಟ್ಟೆಯ ಹಾಡಿಗೆ ಚಿತ್ರ ಹೊಂದಿಸಿದಳು. 1906ರಲ್ಲಿ ಮುನ್ನೂರು ಜನರನ್ನು ಕಟ್ಟಿಕೊಂಡು ಯೇಸುವಿನ ಕಥೆ ತೆಗೆದಳು. 1910ರಲ್ಲಿ ಅಮೆರಿಕದಲ್ಲಿ ಸೋಲಾಕ್ಸ್ ಎಂಬ ಸ್ವಂತ ಕಂಪನಿ ಕಟ್ಟಿದಳು. ಸ್ಟುಡಿಯೋದ ಗೋಡೆಗೆ 'ಸಹಜವಾಗಿರಿ' ಎಂದು ಬೋರ್ಡು ಹಾಕಿಸಿದಳು. ಆಕೆಯ ಲೆಕ್ಕದಲ್ಲಿ ಬರುವ ಚಿತ್ರಗಳು ಸುಮಾರು ಒಂದು ಸಾವಿರ.

ಆಮೇಲೇನಾಯಿತು? ಗೋಮಾಂಟ್ ಕಂಪನಿಯ ಚರಿತ್ರೆ ಅಚ್ಚಾದಾಗ ಈಕೆಯ ದುಡಿಮೆ ಅದರಲ್ಲಿರಲಿಲ್ಲ. ಚರಿತ್ರೆಕಾರರು ಆಕೆಯ ಚಿತ್ರಗಳನ್ನು ಆಕೆಯ ಕೈಕೆಳಗೆ ದುಡಿದ ಗಂಡಸರ ಹೆಸರಿಗೆ ಬರೆದರು. ಆಕೆ ತಾನು ತೆಗೆದ ಚಿತ್ರಗಳ ಪಟ್ಟಿ ಮಾಡಿದಳು, ಆತ್ಮಕಥೆ ಬರೆದಳು. ಸತ್ತದ್ದು 1968ರಲ್ಲಿ. ಪುಸ್ತಕ ಹೊರಬಂದದ್ದು 1976ರಲ್ಲಿ.

ಆದರೂ ಅಲೀಸಳಿಗೆ ಕೂತು ಬರೆಯಲು ಒಂದು ಮೇಜು ಇತ್ತು. ಆ ಮೇಜೂ ಇಲ್ಲದವರ ಗತಿ ಏನು? ಇದಕ್ಕೆ ಫ್ರಾನ್ಸಿಗೆ ಹೋಗಬೇಕಿಲ್ಲ, ಪಕ್ಕದ ಕೇರಳಕ್ಕೆ ಹೋದರೆ ಸಾಕು. ಮಲಯಾಳಂನ ಮೊದಲ ಚಿತ್ರ 'ವಿಗತಕುಮಾರನ್'. ತೆರೆಕಂಡದ್ದು 1928ರಲ್ಲಿ ಅನ್ನುವವರಿದ್ದಾರೆ, 1930ರಲ್ಲಿ ಅನ್ನುವವರೂ ಇದ್ದಾರೆ. ಅದರ ನಾಯಕಿ ಪಿ.ಕೆ. ರೋಸಿ, ಪುಲಯರ ಹೆಣ್ಣುಮಗಳು. ಪಾತ್ರ ಮಾತ್ರ ನಾಯರ್ ಹೆಂಗಸಿನದು. ಅಷ್ಟು ಸಾಕಾಯಿತು. ತಿರುವನಂತಪುರದ ಥಿಯೇಟರಿನಲ್ಲಿ ಮೇಲ್ಜಾತಿಯವರು ಪರದೆಗೆ ಕಲ್ಲು ಹೊಡೆದರು. ರೋಸಿ ಊರು ಬಿಟ್ಟು ತಮಿಳು ನೆಲಕ್ಕೆ ಓಡಿದಳು, ರಾಜಮ್ಮಾಳ್ ಎಂಬ ಹೆಸರಿನಲ್ಲಿ ಬದುಕಿದಳು, ಮತ್ತೆ ನಟಿಸಲೇ ಇಲ್ಲ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ನಿರ್ದೇಶಕ ಜೆ.ಸಿ. ಡೇನಿಯಲ್ ಕೂಡ ಬರಿಗೈಯಾದವನೇ. ಆದರೆ 1992ರಲ್ಲಿ ಕೇರಳ ಸರ್ಕಾರ ಅವನ ಹೆಸರಿನಲ್ಲಿ ಪ್ರಶಸ್ತಿ ಇಟ್ಟಿತು. ರೋಸಿಯ ಹೆಸರಿನಲ್ಲಿ ಒಂದು ಫಿಲ್ಮ್ ಸೊಸೈಟಿ ಆಗಲು 2019 ಬರಬೇಕಾಯಿತು. ಅದನ್ನೂ ಕಟ್ಟಿದವರು ಸಿನಿಮಾದಲ್ಲಿ ದುಡಿಯುವ ಹೆಂಗಸರೇ.

ಒಬ್ಬಳನ್ನು ಪೆನ್ನಿನಿಂದ ಅಳಿಸಿದರು, ಇನ್ನೊಬ್ಬಳನ್ನು ಕಲ್ಲಿನಿಂದ. ಎರಡೂ ಒಂದೇ ಅಂತ ನಾವು ಹೇಳುವುದಿಲ್ಲ. ಅಲೀಸಳನ್ನು ದೇವತೆ ಮಾಡುವುದೂ ಬೇಡ. 1912ರಲ್ಲಿ ಕಪ್ಪು ಜನರೇ ನಟಿಸಿದ ಚಿತ್ರ ತೆಗೆದವಳು ಆಕೆ. ಆ ಚಿತ್ರದ ನಗೆಯಲ್ಲಿ ಬಿಳಿಯರ ಕಣ್ಣೇ ಇದೆ. ಹಾಗಂತ ಆಕೆಯ ಹೆಸರು ಆಕೆಗೆ ಸಲ್ಲಬಾರದೇ? ಸಲ್ಲಲೇಬೇಕು. ಹೆಸರು ಒಳ್ಳೆಯವರಿಗೆ ಕೊಡುವ ಬಹುಮಾನವಲ್ಲ, ದುಡಿದವರಿಗೆ ಸಲ್ಲಬೇಕಾದ ಕೂಲಿ. ಕೂಲಿ ಕೊಡುವಾಗ ಆಳು ಒಳ್ಳೆಯವನೋ ಕೆಟ್ಟವನೋ ಅಂತ ಕೇಳುವವನು ಕೊಡುವ ಮನಸ್ಸಿಲ್ಲದ ಧಣಿ.

ಬಾಕಿ ಉಳಿಸಿಕೊಂಡ ಕೂಲಿಯನ್ನು ಸತ್ತವರಿಗೆ ಕೊಡುವುದು ಹೇಗೆ? ರೋಸಿಗೆ ಈಗ ನಮ್ಮ ಸನ್ಮಾನ ತಲುಪುವುದಿಲ್ಲ. ಶತಮಾನೋತ್ಸವ ಮಾಡಿ ಹಾರ ಹಾಕಿದರೆ ಹಗುರಾಗುವುದು ನಮ್ಮ ಮನಸ್ಸು, ಅವಳ ಸಾಲವಲ್ಲ. ಸತ್ತವರ ಸಾಲವನ್ನು ಬದುಕಿರುವವರಿಗೆ ತೀರಿಸಬೇಕು.

ನಮ್ಮ ಮನೆಗಳಲ್ಲಿ ಮೊದಲು ಪೆನ್ನು ಹಿಡಿದವರು ನಾವು. ನಾಳೆಯ ಲೆಕ್ಕ ಬರೆಯುವವರೂ ನಾವೇ. ಬೀದಿನಾಟಕದ ಕರಪತ್ರದಲ್ಲಿ ಬರೆದವನ ಹೆಸರು, ಆಡಿಸಿದವನ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಹಾಡು ಕಟ್ಟಿಕೊಟ್ಟ ಅವ್ವನ ಹೆಸರು? ವೇಷಕ್ಕೆ ಸೀರೆ ಕೊಟ್ಟು, ಕುಣಿತ ಕಲಿಸಿಕೊಟ್ಟ ಅಕ್ಕನ ಹೆಸರು? ಶಾನುಭೋಗರ ಲೆಕ್ಕದ ವಿರುದ್ಧ ಕೂಗಿದ ನಾವು, ಪೆನ್ನು ಕೈಗೆ ಬಂದ ಕೂಡಲೇ ಇನ್ನೊಬ್ಬ ಶಾನುಭೋಗ ಆಗಬೇಕೇ?