ಬಯಲನ್ನು ಬಲ್ಲವರು: ವನ್ಯಜೀವಿ ಪರಿಶೀಲಕರ ಅರ್ಹತೆಯ ಪ್ರಶ್ನೆ

ವನ್ಯಜೀವಿ ನಿರ್ವಹಣೆಯ ಯೋಜನೆಯೊಂದು ಸಫಲವೋ ವಿಫಲವೋ ಎಂದು ತೀರ್ಮಾನಿಸುವ ಹೊಣೆಯನ್ನು ಸರ್ಕಾರವಾಗಲಿ ನ್ಯಾಯಾಲಯವಾಗಲಿ ಸಾಮಾನ್ಯವಾಗಿ ತಜ್ಞರ ಸಮಿತಿಯೊಂದಕ್ಕೆ ಒಪ್ಪಿಸುತ್ತದೆ. ಸಮಿತಿ ವರದಿ ಕೊಡುತ್ತದೆ, ಆ ವರದಿಯ ಆಧಾರದ ಮೇಲೆ ಗಡಿಗಳು ಸರಿಯುತ್ತವೆ, ಬೇಲಿಗಳು ಏಳುತ್ತವೆ, ಸಸಿಗಳು ನೆಡಲ್ಪಡುತ್ತವೆ, ಕೆಲವೊಮ್ಮೆ ರೈತನ ಹೊಲದ ಖರೀದಿ ಪತ್ರವೇ ತಡೆಹಿಡಿಯಲ್ಪಡುತ್ತದೆ. ಆ ಸಮಿತಿಯಲ್ಲಿ ಕುಳಿತವರು ಯಾವ ಬಲದಿಂದ ತಜ್ಞರೆನಿಸಿಕೊಂಡರು ಎಂದು ಕೇಳುವುದು ಕೆಲವರಿಗೆ ಉದ್ಧಟತನವಾಗಿ ಕಾಣುತ್ತದೆ, ಇನ್ನು ಕೆಲವರಿಗೆ ಅದು ಪ್ರಜೆಯ ಸಹಜ ಹಕ್ಕು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದನ್ನು ವಾಡಿಕೆಯಲ್ಲಿ ಕೇಳುವ ರೀತಿ ತಪ್ಪಾಗಿದೆ ಎಂಬುದು ಇಲ್ಲಿನ ವಾದ. ಪರಿಶೀಲಕನಿಗೆ ಯಾವ ಪದವಿ ಇದೆ ಎಂಬುದಕ್ಕಿಂತ ಅವನು ಯಾವ ನೆಲವನ್ನು, ಯಾವ ಜೀವಿಯನ್ನು, ಯಾವ ವಿಧಾನದಿಂದ ಅರಿತಿದ್ದಾನೆ, ಆ ಅರಿವನ್ನು ಬೇರೊಬ್ಬರು ಪರೀಕ್ಷಿಸಲು ಅವನು ಎಡೆ ಬಿಟ್ಟಿದ್ದಾನೆಯೇ ಎಂಬುದು ಹೆಚ್ಚು ತೂಕದ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ವಿಜಯಪುರ ಜಿಲ್ಲೆ ತಕ್ಕ ನೆಲ, ಏಕೆಂದರೆ ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಅದೂ ಒಂದು. ನಗರದಿಂದ ಪಶ್ಚಿಮಕ್ಕೆ ತಿಕೋಟಾದತ್ತ, ನೈಋತ್ಯಕ್ಕೆ ಬಬಲೇಶ್ವರದತ್ತ ಹೊರಟವರಿಗೆ ಕಾಣುವುದು ಡೋಣಿ ಕಣಿವೆಯ ಎರೆಭೂಮಿ, ಜೋಳ ಮತ್ತು ಕಡಲೆಯ ಹೊಲಗಳು, ದ್ರಾಕ್ಷಿ ತೋಟಗಳು, ಅವುಗಳ ನಡುವೆ ಅಲ್ಲಲ್ಲಿ ಉಳಿದಿರುವ ಮಡ್ಡಿ ಮತ್ತು ಗಾಯರಾಣ, ಅಂದರೆ ಕಲ್ಲುಮಿಶ್ರಿತ ಎತ್ತರದ ಹುಲ್ಲುನೆಲ ಮತ್ತು ಊರ ದನಕುರಿಗಳಿಗೆಂದು ಬಿಟ್ಟ ಸಾರ್ವಜನಿಕ ಮೇವಿನ ಭೂಮಿ. ಉತ್ತರ ಕರ್ನಾಟಕದ ಚಿಗರಿ, ಅಂದರೆ ಕೃಷ್ಣಮೃಗ, ಮತ್ತು ಕುರಿಹಿಂಡುಗಳ ಹಿಂದೆಯೇ ಬದುಕುವ ತೋಳ, ಇವೆರಡಕ್ಕೂ ಇಂಥ ಬಯಲೇ ಮನೆ. ದಟ್ಟ ಕಾಡು ಅವುಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದ್ದು, ಕಾನೂನಿನ ಕಣ್ಣಿನಲ್ಲಿ ಹುಲಿಯಷ್ಟೇ ರಕ್ಷಣೆಗೆ ಅರ್ಹವಾಗಿವೆ. ಆದರೆ ಅವು ನಿಂತ ನೆಲಕ್ಕೆ ಆ ಮನ್ನಣೆ ಇಲ್ಲ. ದೇಶದ ಅರಣ್ಯವನ್ನು ಅಳೆಯುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಲೆಕ್ಕದಲ್ಲಿ, ಕನಿಷ್ಠ ಒಂದು ಹೆಕ್ಟೇರ್ ವಿಸ್ತಾರದ ಮೇಲೆ ಮರಗಳ ನೆತ್ತಿ ಶೇಕಡಾ 10ಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದ್ದರೆ ಅದು ಅರಣ್ಯಹೊದಿಕೆ. ಈ ಲೆಕ್ಕದಲ್ಲಿ ಮಾವಿನ ತೋಪು ಅರಣ್ಯಹೊದಿಕೆಯೊಳಗೆ ಬರುತ್ತದೆ, ಚಿಗರಿ ಮೇಯುವ ಮಡ್ಡಿ ಬರುವುದಿಲ್ಲ. ಬಂಜರು ಭೂಮಿಯ ಸರ್ಕಾರಿ ನಕಾಶೆಗಳಲ್ಲಂತೂ ಕುರುಚಲು ನೆಲವು ಸುಧಾರಣೆಗೆ ಕಾದಿರುವ ವ್ಯರ್ಥಭೂಮಿಯಾಗಿಯೇ ಗುರುತಾಗುತ್ತದೆ.

ಪರಿಶೀಲಕನ ಅರ್ಹತೆಯ ಮೊದಲ ತೊಡಕು ಇಲ್ಲಿದೆ. ಕಳೆದ ದಶಕದಲ್ಲಿ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ನಡೆದಿದೆ; ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಗರದ ಜನ ರಸ್ತೆಬದಿಯಲ್ಲಿ, ಶಾಲೆಯ ಅಂಗಳದಲ್ಲಿ, ಕೆರೆಯ ದಂಡೆಯಲ್ಲಿ ನೆರಳನ್ನು ಬಯಸುವುದು ಅತ್ಯಂತ ಸಹಜ, ಆ ಬಯಕೆಯನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಅಂಥ ಯೋಜನೆಯೊಂದು ಗಾಯರಾಣಕ್ಕೂ ಮಡ್ಡಿಗೂ ಕಾಲಿಟ್ಟಾಗ ಅದನ್ನು ಪರಿಶೀಲಿಸಬೇಕಾದವರು ಯಾರು? ಮರ ಬೆಳೆಸುವ ವಿದ್ಯೆಯಲ್ಲಿ ಪಳಗಿದ ಅಧಿಕಾರಿ ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿದವು ಎಂದು ಎಣಿಸುತ್ತಾನೆ. ಹುಲ್ಲುಗಾವಲಿನ ಪರಿಸರವನ್ನು ಅಭ್ಯಸಿಸಿದ ವಿಜ್ಞಾನಿ ಸಸಿ ನೆಡುವ ಮೊದಲು ಆ ಗುಂಡಿಯ ಜಾಗದಲ್ಲಿ ಏನು ಬೆಳೆಯುತ್ತಿತ್ತು, ಅದನ್ನು ಯಾವ ಜೀವಿ ಮೇಯುತ್ತಿತ್ತು ಎಂದು ಕೇಳುತ್ತಾನೆ. ಇಬ್ಬರ ಬಳಿಯೂ ಪದವಿ ಇದೆ, ಇಬ್ಬರ ಎಣಿಕೆಯೂ ಪ್ರಾಮಾಣಿಕವಾಗಿರಬಹುದು, ಆದರೂ ಒಬ್ಬನ ವರದಿಯಲ್ಲಿ ಗೆಲುವಾದದ್ದು ಇನ್ನೊಬ್ಬನ ವರದಿಯಲ್ಲಿ ನಷ್ಟವಾಗುತ್ತದೆ.

ಇದು ಕೇವಲ ಊಹೆಯಲ್ಲ ಎಂಬುದಕ್ಕೆ ರಾಣೆಬೆನ್ನೂರು ಸಾಕ್ಷಿ. 1974ರಲ್ಲಿ 119 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಘೋಷಿತವಾದ ಅಲ್ಲಿನ ಅಭಯಾರಣ್ಯ ಚಿಗರಿಗೂ, ಎರೆಭೂತ ಎಂದು ಹೆಸರಾದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಹೆಬ್ಬಕ್ಕಿಗೂ ಆಸರೆಯಾಗಿತ್ತು. ಆದರೆ ಆ ನೆಲದ ಬಹುಭಾಗವನ್ನು ನೀಲಗಿರಿಯ ನೆಡುತೋಪು ಆವರಿಸಿತು. ಚಿಗರಿಗಳು ತೋಪಿನ ಸಾಲುಗಳ ನಡುವೆ ಹೊಂದಿಕೊಂಡು ಹೆಚ್ಚಿದವು. ಸುತ್ತಲಿನ ದೂರವನ್ನು ಕಣ್ಣಾರೆ ಕಾಣದೆ ನೆಲದ ಮೇಲೆ ಮೊಟ್ಟೆಯಿಡಲಾರದ ಎರೆಭೂತ ಅಲ್ಲಿಂದ ಕಾಣೆಯಾಯಿತು. ಚಿಗರಿಯನ್ನು ಮಾತ್ರ ಎಣಿಸುವ ಪರಿಶೀಲಕನಿಗೆ ರಾಣೆಬೆನ್ನೂರು ದೊಡ್ಡ ಯಶಸ್ಸು, ಹಕ್ಕಿಯನ್ನು ಹುಡುಕಿ ಹೋದವನಿಗೆ ಬಹುಶಃ ಮರಳಿ ತಿದ್ದಲಾಗದ ಸೋಲು. ನೀಲಗಿರಿ ನೆಡಿಸಿದವರು ಅರಣ್ಯಶಾಸ್ತ್ರದಲ್ಲಿ ಅನರ್ಹರಾಗಿರಲಿಲ್ಲ. ಮರವಿಲ್ಲದ ನೆಲ ಎಂದರೆ ಕೊರತೆಯ ನೆಲ ಎಂದು ಅವರ ವಿದ್ಯೆಯೇ ಅವರಿಗೆ ಕಲಿಸಿತ್ತು. ಹಾಗಾಗಿ ತರಬೇತಿ ಎಂಬುದು ಕೆಲವನ್ನು ಕಾಣುವ ಶಕ್ತಿಯನ್ನು ಕೊಡುವಾಗಲೇ ಬೇರೆ ಕೆಲವನ್ನು ಕಾಣದಿರುವ ಅಭ್ಯಾಸವನ್ನೂ ಕೊಡುತ್ತದೆ, ಮತ್ತು ಯಾವ ಪ್ರಮಾಣಪತ್ರವೂ ಈ ಎರಡನೆಯದನ್ನು ದಾಖಲಿಸುವುದಿಲ್ಲ.

ವಿಜಯಪುರಕ್ಕೆ ಇನ್ನೂ ಹತ್ತಿರದ ಉದಾಹರಣೆ ಗಡಿಯಾಚೆಯ ಸೊಲ್ಲಾಪುರದ್ದು. ಅಲ್ಲಿನ ನಾನ್ನಜ್ ಸುತ್ತಲಿನ ಬಸ್ಟರ್ಡ್ ಅಭಯಾರಣ್ಯವನ್ನು 1979ರಲ್ಲಿ ಘೋಷಿಸಿದಾಗ ಅದರ ಗಡಿ ಸುಮಾರು 8,496 ಚದರ ಕಿಲೋಮೀಟರನ್ನು ಒಳಗೊಂಡಿತ್ತು, ಅಂದರೆ ಊರುಗಳು, ಹೊಲಗಳು, ಮಾರುಕಟ್ಟೆಗಳು ಎಲ್ಲವೂ ಕಾಗದದ ಮೇಲೆ ಅಭಯಾರಣ್ಯದ ಒಳಗೇ ಬಂದವು. ಹಕ್ಕಿ ನಿಜವಾಗಿ ಬಳಸುತ್ತಿದ್ದದ್ದು ಅದರ ಬಹು ಸಣ್ಣ ಭಾಗವನ್ನು. ಉಳಿದ ನೆಲದ ರೈತರಿಗೆ ಆ ಗಡಿ ದಶಕಗಳ ಕಾಲ ಕಾರಣ ತಿಳಿಯದ ಕಟ್ಟುಪಾಡಾಗಿತ್ತು. ಬಹಳ ಕಾಲದ ನಂತರ ನಡೆದ ಮರುಪರಿಶೀಲನೆಯಿಂದ ವಿಸ್ತಾರವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಆ ವೇಳೆಗೆ ಹಕ್ಕಿಯ ಸಂಖ್ಯೆ ಬೆರಳೆಣಿಕೆಗೆ ಬಂದಿತ್ತು, ಮತ್ತು ಸಂರಕ್ಷಣೆ ಎಂದರೆ ತಮ್ಮ ಮೇಲೆ ಹೇರಿದ ಶಿಕ್ಷೆ ಎಂಬ ಭಾವನೆ ಹೊಲದವರಲ್ಲಿ ಬೇರೂರಿತ್ತು.

ಪರಿಣತನ ಮಾತನ್ನು ಯಾವಾಗ ನಂಬಬೇಕು ಎಂಬ ಪ್ರಶ್ನೆ ಭಾರತೀಯ ತರ್ಕಶಾಸ್ತ್ರಕ್ಕೆ ಹೊಸದಲ್ಲ. ಗೌತಮನ ನ್ಯಾಯಸೂತ್ರವು ಆಪ್ತನ ಉಪದೇಶವನ್ನು ಶಬ್ದಪ್ರಮಾಣವೆಂದು, ಅಂದರೆ ಬೇರೊಬ್ಬರ ಮಾತಿನಿಂದ ಸಿಗುವ ಸರಿಯಾದ ತಿಳಿವಳಿಕೆಯ ಮೂಲವೆಂದು ಒಪ್ಪುತ್ತದೆ. ಈ ಆಪ್ತ ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಲಕ್ಷಣದಲ್ಲಿ ಎರಡು ಅಂಶಗಳು ಮುಖ್ಯ: ಅವನು ವಿಷಯವನ್ನು ನೇರವಾಗಿ ಕಂಡುಕೊಂಡಿರಬೇಕು, ಮತ್ತು ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯಿಂದಲೇ ಮಾತನಾಡಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಶ್ರೇಣೀಕೃತ ಸಮಾಜವೊಂದರಲ್ಲಿ ನಿಂತು ಮಾತಿನ ಪ್ರಾಮಾಣ್ಯವನ್ನು ಹೇಳುವವನ ಹುಟ್ಟಿನಿಂದ ಬಿಡಿಸಿದ ಈ ನಿಲುವಿನ ಧೈರ್ಯವನ್ನು ಎಷ್ಟು ಮೆಚ್ಚಿದರೂ ಕಡಿಮೆ. ಇದನ್ನು ಇಂದಿನ ಸಂದರ್ಭಕ್ಕೆ ಅನ್ವಯಿಸಿದರೆ, ಮೊದಲ ಅಂಶ ಪದವಿಗೆ ಬದಲಾಗಿ ನೇರ ಅರಿವನ್ನು ಕೇಳುತ್ತದೆ, ಎರಡನೆಯದು ಹಿತಾಸಕ್ತಿಯನ್ನು ಪರೀಕ್ಷಿಸುತ್ತದೆ. ಹುಲಿ ಸಂರಕ್ಷಿತ ಪ್ರದೇಶಗಳ ನಿರ್ವಹಣೆಯನ್ನು ಕಾಲಕಾಲಕ್ಕೆ ಮೌಲ್ಯಮಾಪನ ಮಾಡುವ ತಂಡಗಳಲ್ಲಿ ನಿವೃತ್ತ ಹಿರಿಯ ಅರಣ್ಯಾಧಿಕಾರಿಗಳೇ ಮುಂದಿರುವುದು ವಾಡಿಕೆ. ಅವರ ಅನುಭವ ಸಂದೇಹಾತೀತ, ಆದರೆ ತಾವು ಬಾಳುದ್ದಕ್ಕೂ ಸೇವೆ ಸಲ್ಲಿಸಿದ ಇಲಾಖೆಯ ಕೆಲಸವನ್ನು ಅಳೆಯುವಾಗ ಕಂಡದ್ದನ್ನು ಕಂಡಂತೆ ಹೇಳುವುದು ಎಷ್ಟು ಕಠಿಣ ಎಂಬುದನ್ನು ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ನೇರ ಅನುಭವವೊಂದೇ ಸಾಲದು ಎಂಬುದನ್ನೂ ಹುಲಿಗಣತಿಯ ಇತಿಹಾಸವೇ ತೋರಿಸಿದೆ. ಹೆಜ್ಜೆಗುರುತಿನ ಅಚ್ಚು ತೆಗೆದು ಒಂದೊಂದು ಹುಲಿಯನ್ನೂ ಗುರುತಿಸುವ ವಿಧಾನ 1960ರ ದಶಕದಿಂದ ದೇಶದಲ್ಲಿ ಬಳಕೆಯಲ್ಲಿತ್ತು. ಅದನ್ನು ನಡೆಸುತ್ತಿದ್ದ ಅರಣ್ಯ ರಕ್ಷಕರು ಕಾಡನ್ನು ಬಲ್ಲವರೇ. ಆ ವಿಧಾನದ ದೋಷ ಇದ್ದದ್ದು, ಎರಡು ಅಚ್ಚುಗಳು ಒಂದೇ ಹುಲಿಯವೋ ಬೇರೆಬೇರೆ ಹುಲಿಗಳವೋ ಎಂಬ ತೀರ್ಮಾನವನ್ನು ಹೊರಗಿನವರು ಪರೀಕ್ಷಿಸಲು ದಾರಿಯೇ ಇರಲಿಲ್ಲ ಎಂಬುದರಲ್ಲಿ. ಕರ್ನಾಟಕದ ಕೆ. ಉಲ್ಲಾಸ ಕಾರಂತರು 1990ರ ದಶಕದ ಮೊದಲ ಭಾಗದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನು, ಅಂದರೆ ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಸಾಧನಗಳನ್ನು ಬಳಸಿ, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ, ಮತ್ತೆ ಮತ್ತೆ ಸಿಕ್ಕವುಗಳ ಪ್ರಮಾಣದಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಸಂಖ್ಯಾಶಾಸ್ತ್ರೀಯ ಕ್ರಮವನ್ನು ಮುಂದಿಟ್ಟರು. ಕಾರಂತರು ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ವನ್ಯಜೀವಿ ವಿಜ್ಞಾನದ ಪದವಿಗಳು ಬಂದದ್ದು ಆಮೇಲೆ. ಮೊದಲ ಪದವಿಯನ್ನೇ ನೋಡಿ ಬಾಗಿಲು ಮುಚ್ಚಿದ್ದರೆ ದೇಶ ಏನನ್ನು ಕಳೆದುಕೊಳ್ಳುತ್ತಿತ್ತು ಎಂಬುದನ್ನು ಯೋಚಿಸಬೇಕು. ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂಬುದು 2004-05ರಲ್ಲಿ ಬಯಲಾದ ಮೇಲೆ ಹೆಜ್ಜೆಗುರುತಿನ ಗಣತಿಯನ್ನು ಕೈಬಿಡಲಾಯಿತು. ಹಳೆಯ ವಿಧಾನದಲ್ಲಿ 2001-02ರಲ್ಲಿ 3,642 ಎಂದಿದ್ದ ಸಂಖ್ಯೆ 2006ರ ಹೊಸ ಅಂದಾಜಿನಲ್ಲಿ 1,411 ಆಯಿತು.

ಕಾನೂನು ಈ ಪ್ರಶ್ನೆಯನ್ನು ಹೇಗೆ ಎದುರಿಸಿದೆ ಎಂಬುದೂ ಗಮನಾರ್ಹ. ರಾಷ್ಟ್ರೀಯ ವನ್ಯಜೀವಿ ಮಂಡಳಿಯಲ್ಲಿ ಐದು ಸರ್ಕಾರೇತರ ಸಂಸ್ಥೆಗಳ ಪ್ರತಿನಿಧಿಗಳೂ ಹತ್ತು ಮಂದಿ ಖ್ಯಾತ ಸಂರಕ್ಷಣಾವಾದಿಗಳು, ಪರಿಸರ ವಿಜ್ಞಾನಿಗಳೂ ಇರಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 2014ರಲ್ಲಿ ಮಂಡಳಿಯನ್ನು ಪುನರ್ರಚಿಸಿದಾಗ ಹತ್ತರ ಜಾಗದಲ್ಲಿ ಇಬ್ಬರನ್ನು, ಐದರ ಜಾಗದಲ್ಲಿ ಒಂದೇ ಸಂಸ್ಥೆಯನ್ನು ನೇಮಿಸಲಾಯಿತು; ಅಂಥ ಮಂಡಳಿಯ ನಿರ್ಣಯಗಳಿಗೆ ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ತಡೆ ನೀಡಿತು. ಆ ಇಬ್ಬರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಆನೆಗಳ ಅಧ್ಯಯನದಲ್ಲಿ ಜಗತ್ತೇ ಗೌರವಿಸುವ ಹೆಸರು. ಆದ್ದರಿಂದ ಅಲ್ಲಿನ ದೋಷ ವ್ಯಕ್ತಿಯ ಅನರ್ಹತೆಯಲ್ಲಿ ಇರಲಿಲ್ಲ; ಎಷ್ಟೇ ದೊಡ್ಡ ವಿದ್ವಾಂಸನಾದರೂ ಎಂಟು ಖಾಲಿ ಕುರ್ಚಿಗಳ ಪರವಾಗಿ ಯೋಚಿಸಲಾರ. ಆಫ್ರಿಕಾದ ಚೀತಾಗಳನ್ನು ಮಧ್ಯಪ್ರದೇಶದ ಕುನೋದಲ್ಲಿ ನೆಲೆಗೊಳಿಸುವ ಯೋಜನೆಯ ವಿಷಯದಲ್ಲಿ ನ್ಯಾಯಾಲಯ ಇನ್ನೂ ನೇರವಾಗಿ ಕೇಳಿತು: 2023ರ ಮಾರ್ಚ್‌ನಲ್ಲಿ ಅದು ಚೀತಾ ಕಾರ್ಯಪಡೆಯ ತಜ್ಞರ ವಿದ್ಯಾರ್ಹತೆ ಮತ್ತು ಅನುಭವದ ವಿವರ ಸಲ್ಲಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆಗಸ್ಟ್ ವೇಳೆಗೆ ಸರ್ಕಾರದ ವಿವರಣೆಯನ್ನು ಒಪ್ಪಿಕೊಂಡಿತು. ವಿವರ ಕೇಳಿದ್ದು ಸರಿಯೇ, ಆದರೆ ಚೀತಾದ ಬದುಕನ್ನು ಬಲ್ಲವರಿಗೂ ಕುನೋದ ನೆಲವನ್ನು ಬಲ್ಲವರಿಗೂ ವ್ಯತ್ಯಾಸವಿದೆ ಎಂಬ ಅಂಶ ಅರ್ಹತಾಪಟ್ಟಿಯಿಂದ ಬಗೆಹರಿಯುವಂಥದ್ದಲ್ಲ.

ಈ ಪ್ರಶ್ನೆಯ ದುರುಪಯೋಗವೂ ಕಡಿಮೆಯೇನಲ್ಲ. ಮಾಧವ ಗಾಡ್ಗೀಳರ ಪಶ್ಚಿಮ ಘಟ್ಟ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಅದನ್ನು ಒಪ್ಪದವರು ಗ್ರಾಮಜೀವನ ಅರಿಯದ ಪಂಡಿತರ ಕೆಲಸವೆಂದು ತಳ್ಳಿಹಾಕಿದರು. ಅದನ್ನು ಮರುಪರಿಶೀಲಿಸಿದ ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟಾಗ, ಬಾಹ್ಯಾಕಾಶ ವಿಜ್ಞಾನಿಗೆ ಘಟ್ಟದಲ್ಲೇನು ಕೆಲಸ ಎಂದು ಇನ್ನೊಂದು ಕಡೆಯವರು ಕೇಳಿದರು. ಎರಡೂ ಮಾತುಗಳು ವರದಿಯನ್ನು ಓದದೆಯೇ ಆಡಬಹುದಾದಂಥವು. ಉಪಗ್ರಹ ಚಿತ್ರಗಳಿಂದ ಸಸ್ಯಹೊದಿಕೆಯನ್ನು ಗುರುತಿಸುವ ಕೆಲಸಕ್ಕೆ ಕಸ್ತೂರಿರಂಗನ್ ಅವರ ಪರಿಣತಿ ನಿಜಕ್ಕೂ ಪ್ರಸ್ತುತವಾಗಿತ್ತು. ಆದರೆ ಹೊಲ, ತೋಟ, ಊರುಗಳಿಂದ ಕೂಡಿದ ಸುಮಾರು ಶೇಕಡಾ 60ರಷ್ಟು ಭಾಗವನ್ನು ಸಾಂಸ್ಕೃತಿಕ ಭೂದೃಶ್ಯವೆಂದು ಕರೆದು ಪರಿಸರ ಸೂಕ್ಷ್ಮ ವಲಯದಿಂದ ಹೊರಗಿಟ್ಟ ನಿರ್ಧಾರ ಯಾವ ಉಪಗ್ರಹವೂ ಹೇಳಿಕೊಡದ ಮೌಲ್ಯನಿರ್ಣಯ. ಅಳತೆಯಲ್ಲಿ ಗಳಿಸಿದ ಅಧಿಕಾರ ಸದ್ದಿಲ್ಲದೆ ಮೌಲ್ಯದ ಕ್ಷೇತ್ರಕ್ಕೆ ದಾಟುವ ಈ ಗಡಿಯಲ್ಲೇ ಪ್ರಜೆಗಳು ನಿಂತು ಪ್ರಶ್ನಿಸಬೇಕು. ಚಿಗರಿಗಳು ಎಷ್ಟಿವೆ ಎಂಬುದಕ್ಕೆ ಪರಿಣತ ಬೇಕು. ಅವುಗಳಿಗಾಗಿ ತಿಕೋಟಾದ ರೈತ ಎಷ್ಟು ಕಡಲೆಯ ಮೊಳಕೆ ಕಳೆದುಕೊಳ್ಳಬಹುದು, ಪರಿಹಾರ ಎಷ್ಟು ದಿನದಲ್ಲಿ ಬರಬೇಕು ಎಂಬುದು ಪರಿಣತನೊಬ್ಬನೇ ಉತ್ತರಿಸುವ ಪ್ರಶ್ನೆಯಲ್ಲ.

ಇದರ ಅರ್ಥ ಕುರಿಗಾಹಿಯ ಮಾತೇ ಕೊನೆಯ ಮಾತು ಎಂದಲ್ಲ. ಯಾವ ಹಳ್ಳದ ದಂಡೆಯಲ್ಲಿ ತೋಳ ಮರಿ ಹಾಕುತ್ತದೆ, ಯಾವ ತಿಂಗಳಲ್ಲಿ ಕುರಿದಡ್ಡಿಯ ಹತ್ತಿರ ಬರುತ್ತದೆ ಎಂಬುದು ಅವನಿಗೆ ಯಾವ ವಿಜ್ಞಾನಿಗಿಂತ ಚೆನ್ನಾಗಿ ಗೊತ್ತಿರಬಹುದು. ಆದರೆ ಆ ತೋಳದಲ್ಲಿ ನಾಯಿಯ ರಕ್ತ ಬೆರೆತಿದೆಯೇ, ಜಿಲ್ಲೆಯ ತೋಳಗಳು ಬೇರೆ ಜಿಲ್ಲೆಗಳ ತೋಳಗಳೊಂದಿಗೆ ಸಂಪರ್ಕ ಉಳಿಸಿಕೊಂಡಿವೆಯೇ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ, ಅದಕ್ಕೆ ಪ್ರಯೋಗಾಲಯ ಬೇಕು. ಕುರಿ ಕಳೆದುಕೊಂಡವನಿಗೆ ತೋಳದ ಸಂಖ್ಯೆಯನ್ನು ಹೆಚ್ಚಿಸಿ ಹೇಳುವ ಕಾರಣವೂ ಇರುತ್ತದೆ, ಅದು ಅಪರಾಧವಲ್ಲ, ಆದರೆ ಹಿತಾಸಕ್ತಿಯೇ. ಹೀಗಾಗಿ ವಾತ್ಸ್ಯಾಯನನ ಎರಡು ಅಳತೆಗಳನ್ನೂ ಎಲ್ಲರಿಗೂ ಸಮನಾಗಿ ಹಿಡಿಯಬೇಕು.

2002ರ ಜೀವವೈವಿಧ್ಯ ಕಾಯ್ದೆ ಇದಕ್ಕೊಂದು ಜಾಗವನ್ನು ಆಗಲೇ ಒದಗಿಸಿದೆ: ಪ್ರತಿ ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಸಸ್ಯ, ಪ್ರಾಣಿ, ಜನರ ತಿಳಿವಳಿಕೆಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ದೇಶದಾದ್ಯಂತ ಇಂಥ ದಾಖಲಾತಿಗಳನ್ನು ಅವಸರದಲ್ಲಿ ತುಂಬಿಸುವ ಒತ್ತಡ ಬಂತು, ಅವಸರದ ದಾಖಲೆಗೆ ಪರಿಶೀಲಕನನ್ನು ಎದುರಿಸುವ ಬಲ ಇರುವುದಿಲ್ಲ. ಆದಿಲ್‌ಶಾಹಿ ಕಾಲದ ಕೆರೆಗಳಿರುವ ಮಮದಾಪುರದಲ್ಲಾಗಲಿ, ತಿಕೋಟಾದ ಮಡ್ಡಿಯಲ್ಲಾಗಲಿ ಮುಂದೆ ಯಾವ ಪರಿಶೀಲನಾ ತಂಡ ಬಂದರೂ, ಅದರ ಸದಸ್ಯರು ಯಾವ ಋತುವಿನಲ್ಲಿ ಎಷ್ಟು ದಿನ ನೆಲದ ಮೇಲಿದ್ದರು, ಯಾರಿಂದ ಸಂಭಾವನೆ ಪಡೆದರು, ಏನನ್ನು ಎಣಿಸಿದರು, ಏನನ್ನು ಎಣಿಸಲಿಲ್ಲ ಎಂಬ ವಿವರಗಳನ್ನು ಮೂಲ ಅಂಕಿಅಂಶಗಳ ಸಮೇತ ಕನ್ನಡದಲ್ಲಿ ಆ ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದೆ ಇಡಬೇಕು. ಸಮಿತಿಯೂ ತನ್ನ ದಾಖಲಾತಿಯನ್ನು, ಬೆಳೆನಷ್ಟದ ಮತ್ತು ಕುರಿನಷ್ಟದ ಲೆಕ್ಕದ ಸಮೇತ, ಅದೇ ಪರೀಕ್ಷೆಗೆ ಒಡ್ಡಬೇಕು.