ಪ್ರೋಷಧೋಪವಾಸ ಮತ್ತು ಆಭರಣದ ಕರಂಡಕ

ಸ್ವಾಮಿ ಸಮಂತಭದ್ರಾಚಾರ್ಯರು ಶ್ರಾವಕಾಚಾರವನ್ನು ನಿರೂಪಿಸಿದ ತಮ್ಮ ಗ್ರಂಥಕ್ಕೆ ‘ರತ್ನಕರಂಡಕ’ವೆಂದು ಹೆಸರಿಟ್ಟರು. ಕರಂಡಕವೆಂದರೆ ಪೆಟ್ಟಿಗೆ; ಅದರೊಳಗಿರುವುದು ಸಮ್ಯಗ್ದರ್ಶನ, ಜ್ಞಾನ, ಚಾರಿತ್ರಗಳೆಂಬ ರತ್ನತ್ರಯ. ಗೃಹಸ್ಥನ ಮನೆಯಲ್ಲಿ ಮುತ್ತು ಮಾಣಿಕ್ಯಗಳ ಇನ್ನೊಂದು ಕರಂಡಕವಿರುವುದನ್ನೂ ಆಚಾರ್ಯರು ಮರೆತವರಲ್ಲ. ಉಪವಾಸದ ದಿನ ತ್ಯಜಿಸತಕ್ಕವುಗಳನ್ನು ಎಣಿಸುವಾಗ ಪಂಚಪಾಪಗಳ ಬೆನ್ನಿಗೇ ಅಲಂಕಾರವನ್ನೂ ಆರಂಭವನ್ನೂ ಸೇರಿಸಿದ್ದಾರೆ.

ತೊಡಕು ಹುಟ್ಟುವುದು ಇಲ್ಲಿಯೇ. ದಶಲಕ್ಷಣ ಪರ್ವದ ಅಷ್ಟಮಿಯಂದು ಉಪವಾಸ ಕೈಕೊಂಡ ಶ್ರಾವಿಕೆ ಕೊರಳ ಸರವನ್ನು ತೆಗೆದಿಡುತ್ತಾಳೆ, ಅಲಂಕಾರತ್ಯಾಗವಾಯಿತು. ಅಡುಗೆಯಿಲ್ಲದ ಆ ಬಿಡುವಿನಲ್ಲಿ, ಪಾರಣೆಯ ದಿನ ಬಸದಿಗೆ ತೊಟ್ಟುಹೋಗಲೆಂದು ಅದೇ ಸರವನ್ನು ತೊಳೆಯಲು ಕುಳಿತರೆ ಆರಂಭವೆಲ್ಲಿ ಬಿಟ್ಟಿತು? ಹೊಟ್ಟೆ ಬರಿದಾಗಿದೆ, ಮನಸ್ಸು ನಾಳೆಯ ಮೆರವಣಿಗೆಯಲ್ಲಿದೆ. ಸ್ವಾಧ್ಯಾಯಕ್ಕೆಂದು ದೊರೆತ ಹೊತ್ತು ಕಲ್ಲಿನ ಸಂದಿಯ ಕೊಳೆಗೆ ಹೋಯಿತು. ಆದುದರಿಂದ ಶುಚಿಯ ಕೆಲಸವೆಲ್ಲ ಧಾರಣೆಗೂ ಮೊದಲೇ, ಷಷ್ಠಿಯಂದೇ, ಮುಗಿಯತಕ್ಕದ್ದು.

ಅದರಲ್ಲಿಯೂ ಯತ್ನಾಚಾರ ಬೇಕು. ಸೋಸಿದ ನೀರು ಒಂದು ಬಟ್ಟಲು ಸಾಕು. ಸೋಸಿ ಎರಡು ಗಳಿಗೆ, ಎಂದರೆ 48 ನಿಮಿಷ ಕಳೆದರೆ ಮತ್ತೆ ಸೋಸಬೇಕು. ಕೊಳೆನೀರನ್ನು ಇರುವೆಗಳ ಸಾಲಿನ ಮೇಲೆ ಚೆಲ್ಲಲಾಗದು.

ವಜ್ರ, ಮಾಣಿಕ್ಯ, ನೀಲಗಳಿಗೆ ಉಗುರುಬೆಚ್ಚನೆಯ ಸಾಬೂನುನೀರೂ ಮೃದುವಾದ ಬ್ರಷ್ಷೂ ಸಲ್ಲುತ್ತವೆ. ಪಚ್ಚೆಗೆ ಬಿಸಿನೀರು ಸಲ್ಲದು: ಅದರ ಸೂಕ್ಷ್ಮ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿಸಿರುತ್ತಾರೆ, ಅದು ಹೊರಟರೆ ಬಿರುಕು ಎದ್ದುಕಾಣುತ್ತದೆ. ಹಿಂಬದಿ ಮುಚ್ಚಿದ ಹಳೆಯ ಕೆಂಪಿನ ಅಡ್ಡಿಗೆ, ಓಲೆಗಳನ್ನು ನೀರಿನಲ್ಲಿ ಅದ್ದಲೇಬಾರದು. ಕಲ್ಲಿನಡಿಯ ಹೊಳಪಿನ ತಗಡಿಗೆ ನೀರಿಳಿದು ಅದು ಕಪ್ಪಾದರೆ ಕಲ್ಲು ಕಳೆಗುಂದುತ್ತದೆ. ಒದ್ದೆ ಬಟ್ಟೆಯಲ್ಲಿ ಒರಸಿದರೆ ಸಾಕು.

ಎಲ್ಲಕ್ಕಿಂತ ಸುಕುಮಾರವಾದುದು ಮುತ್ತು. ಮುತ್ತಿನಲ್ಲಿಯೂ ಹವಳದಲ್ಲಿಯೂ ಇರುವುದು ಸುಣ್ಣದ ಅಂಶ. ಹಿತ್ತಾಳೆ ಬೆಳಗುವ ಹುಣಸೆಹಣ್ಣು, ನಿಂಬೆರಸಗಳನ್ನು ಹಚ್ಚಿದರೆ ಮೇಲ್ಪದರವೇ ಕರಗುತ್ತದೆ. ಬೆವರು ಕೂಡ ಮೆಲ್ಲಗೆ ಕೆಡಿಸುತ್ತದೆ. ಹಿಂಡಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒರಸಿ, ಸರವನ್ನು ಹಾಸಿಟ್ಟು ಆರಿಸಬೇಕು. ತೂಗುಹಾಕಿದರೆ ಒದ್ದೆಯಾದ ರೇಷ್ಮೆದಾರ ಹಿಗ್ಗುತ್ತದೆ. ವಜ್ರದೊಡನೆ ಒಂದೇ ಗೂಡಿನಲ್ಲಿಟ್ಟರೆ ಮುತ್ತಿಗೆ ಗೀರು ತಪ್ಪದು. (ಹೊಸ ಮುತ್ತನ್ನು ಕೊಳ್ಳುವವರು ಇನ್ನೊಂದನ್ನು ನೆನೆಯಬೇಕು. ಕೃಷಿಮುತ್ತಿಗಾಗಿ ಜೀವಂತ ಚಿಪ್ಪುಪ್ರಾಣಿಯ ಒಡಲನ್ನು ಕೊಯ್ದು ಬೀಜವನ್ನು ಹುದುಗಿಸುತ್ತಾರೆ. ಮುತ್ತು ತೆಗೆಯುವಾಗ ಆ ಜೀವ ಬಹುವಾಗಿ ಅಳಿಯುತ್ತದೆ. ಅಹಿಂಸಾಣುವ್ರತಿಯ ಕೊರಳಿಗೆ ಅದು ಶೋಭೆಯಲ್ಲ. ಅಜ್ಜಿಯಿಂದ ಬಂದ ಸರವಿದ್ದರೆ ಅದನ್ನೇ ಜತನ ಮಾಡಲಿ.)

ನೋಡದೆ, ಒರಸದೆ ವಸ್ತುವನ್ನು ತೆಗೆಯುವುದೂ ಇಡುವುದೂ ಪ್ರೋಷಧೋಪವಾಸದ ಅತಿಚಾರಗಳು. ಪೆಟ್ಟಿಗೆಯ ಮೂಲೆಯಲ್ಲಿ ಹುಳುವಿದೆಯೇ ಎಂದು ನೋಡಿ, ಮೆಲ್ಲನೆ ಒರಸಿ, ಬಳಿಕ ಇಡಬೇಕು. ಆಗಲೇ ಪರಿಗ್ರಹಪರಿಮಾಣದಲ್ಲಿ ಬರೆದಿಟ್ಟ ಎಣಿಕೆಯೊಡನೆ ತಾಳೆನೋಡುವುದೂ ಯುಕ್ತ. ಮದುವೆ, ನಾಮಕರಣಗಳ ಉಡುಗೊರೆಯಿಂದ ಎಣಿಕೆ ಮೀರಿರುವುದು ಬಹುಶಃ ಈ ಹೊತ್ತಿನಲ್ಲಿಯೇ ಕಣ್ಣಿಗೆ ಬೀಳುತ್ತದೆ. ಮೀರಿದ ಒಡವೆಯನ್ನು ಸೊಸೆಯ ಹೆಸರಿಗೆ ಬರೆದು ಬೀಗದ ಕೈಯನ್ನು ತನ್ನ ಸೆರಗಿನಲ್ಲಿಯೇ ಕಟ್ಟಿಕೊಳ್ಳುವ ಜಾಣತನ ಅನೇಕ ಮನೆಗಳಲ್ಲಿದೆ. ಅದು ಪರಿಮಾಣವಲ್ಲ. ಒಡವೆ ಸೊಸೆಯದಾದರೆ ಬೀಗದ ಕೈಯೂ ಅವಳಿಗೆ ಸೇರಲಿ. ಇಲ್ಲವಾದರೆ ಅಷ್ಟಮಿ ಬರುವ ಮುನ್ನವೇ ಅದನ್ನು ಮಾರಿ ಔಷಧದಾನಕ್ಕೋ ಶಾಸ್ತ್ರದಾನಕ್ಕೋ ಸಲ್ಲಿಸಲಿ.