ಇಂದಿನ ಧಮ್ಮ ಚಿಂತನೆ: ಮೀನಿಗೆ ಬಸವನಹುಳು ಹಾಕಿದರೆ ಶೀಲ ಕೆಡುತ್ತದೆಯೇ?

 

ಮನೆಯಲ್ಲಿ ಪಫರ್ ಮೀನು ಸಾಕಿರುವ ನಮ್ಮ ಬಳಗದ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು: "ಸರ್, ಇಲ್ಲಿ ಪಾಣಾತಿಪಾತಾ ವೇರಮಣಿ ಅಂತ ಹೇಳ್ತೀನಿ. ಮನೆಗೆ ಹೋಗಿ ಮೀನಿಗೆ ಜೀವಂತ ಬಸವನಹುಳು ಹಾಕ್ತೀನಿ. ಶೀಲ ಮುರಿದಂತಲ್ವಾ?" ಕೆಲವರು ನಕ್ಕರು. ನನಗೆ ಇದು ನಗುವ ಪ್ರಶ್ನೆ ಅನ್ನಿಸಲಿಲ್ಲ.

ಅವನ ಹತ್ತಿರ ಇರುವುದು ಪೀ ಪಫರ್. ಸುಮಾರು ಒಂದು ಇಂಚಿನ ಮೀನು. ಎರಡು ಕಣ್ಣನ್ನೂ ಬೇರೆ ಬೇರೆ ಕಡೆ ಹೊರಳಿಸಿ ಬೇಟೆ ಹುಡುಕುತ್ತದೆ. ಹುಳ, ಬಸವನಹುಳುಗಳೇ ಅದರ ಊಟ. ಅಂಗಡಿಯ ಒಣ ಕಾಳು ಹಾಕಿದರೆ ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಬೇರೆ ಮೀನುಗಳ ಜೊತೆ ಬಿಟ್ಟರೆ ಅವುಗಳ ರೆಕ್ಕೆ ಕಚ್ಚುತ್ತದೆ. ಹಾಗೆಂದು ಅದನ್ನು ಪಾಪಿ ಅನ್ನಲು ಆಗುತ್ತದೆಯೇ? ಹುಟ್ಟಿದ್ದೇ ಹಾಗೆ.

ತಿನ್ನುವುದನ್ನು ನೋಡಿ ಶುದ್ಧ, ಅಶುದ್ಧ ಎಂದು ಅಳೆಯುವ ಕೋಲಿನಿಂದ ನಾವು ತಲೆಮಾರುಗಳ ಕಾಲ ಏಟು ತಿಂದವರು. 2021ರಲ್ಲಿ ನಮ್ಮ ರಾಜ್ಯದ ಕೆಲವು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಎದ್ದ ಗದ್ದಲ ನೆನಪಿದೆಯಲ್ಲ? ಮೇಷ್ಟ್ರಾದ ನನಗಂತೂ ಮರೆಯುವುದಿಲ್ಲ. ಹಸಿದ ಮಗುವಿನ ತಟ್ಟೆಗಿಂತ ಮೊಟ್ಟೆಯ ಮಡಿಯೇ ಅವರಿಗೆ ದೊಡ್ಡದಾಗಿತ್ತು. ಅದೇ ಕೋಲನ್ನು ಒಂದಿಂಚಿನ ಮೀನಿನ ಮೇಲೆ ನಾವು ಎತ್ತುವುದು ಬೇಡ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ಕಟ್ಟಳೆಯಾಗಿ ಅಲ್ಲ, ತತ್ವವಾಗಿ ನೋಡಬೇಕು ಎನ್ನುತ್ತಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ. ಕಟ್ಟಳೆ ಬುದ್ಧಿಯನ್ನು ಕಟ್ಟಿಹಾಕುತ್ತದೆ, ತತ್ವ ಯೋಚಿಸಲು ಬಿಡುತ್ತದೆ. ಈ ಮಾತು ಹಿಡಿದುಕೊಂಡು ಹುಡುಗನಿಗೆ "ಮೀನಿಗೆ ಅಗತ್ಯವಿದೆ, ಹಾಕಪ್ಪ" ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಯೋಚಿಸಲು ಬಿಟ್ಟ ಮೇಲೆ ಪೂರ್ತಿ ಯೋಚಿಸಬೇಕಲ್ಲ.

ಹೊಳೆಯಲ್ಲಿದ್ದಾಗ ಅಗತ್ಯ ಮೀನಿನದು. ಗಾಜಿನ ಪೆಟ್ಟಿಗೆಯಲ್ಲಿ ಆ ಅಗತ್ಯವನ್ನು ಮನೆಗೆ ತಂದವರು ನಾವು. ಈ ಮೀನು ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ ನೀರಿನದು. ಲೋಕದಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಗಳಿಂದ ಬಲೆ ಹಾಕಿ ಹಿಡಿದದ್ದೂ ಇದು ಅಪಾಯಕ್ಕೆ ಸಿಕ್ಕಿರುವುದಕ್ಕೆ ಒಂದು ಕಾರಣ. ಉಪಾಸಕರು ಮಾಡಬಾರದೆಂದು ಬುದ್ಧರು ಹೇಳಿದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವೂ ಒಂದು. ಅದನ್ನು ಅಂಗಡಿಯ ಹುಡುಗನ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳಬಹುದೇ? ಕೊಳ್ಳುವವರಿಲ್ಲದಿದ್ದರೆ ಬಲೆ ಯಾರು ಬೀಸುತ್ತಾರೆ? ಹಾಗಾಗಿ ಬಸವನಹುಳುವಿನ ಲೆಕ್ಕಕ್ಕಿಂತ ಮೊದಲು ಮೀನಿನ ಲೆಕ್ಕವಿದೆ.

ಇನ್ನೊಂದಿದೆ. ಕೆಲವರು ದೊಡ್ಡ ಪಫರ್‌ಗಳ ಮುಂದೆ ಜೀವಂತ ಮೀನು, ಏಡಿ ಬಿಟ್ಟು, ಅವು ಹರಿದು ತಿನ್ನುವುದನ್ನು ವಿಡಿಯೋ ಮಾಡುತ್ತಾರೆ. ಹೊಟ್ಟೆ ಮೀನಿನದು, ಹಸಿವು ನೋಡುವವನ ಕಣ್ಣಿನದು. ಬಾಬಾಸಾಹೇಬರು ಹೇಳಿದ ಇಚ್ಛೆ ಅಲ್ಲಿದೆ. ಚೇತನವೇ ಕಮ್ಮ ಎಂದು ಬುದ್ಧರು ಹೇಳಿದ್ದನ್ನು ಅರ್ಥಮಾಡಿಕೊಳ್ಳಲು ಆ ವಿಡಿಯೋ ಸಾಕು. ಹುಳ ಹಾಕುವ ಕೈ ಒಂದೇ, ಹಿಂದಿನ ಮನಸ್ಸು ಎರಡು.

"ಹಾಗಾದರೆ ಕೆರೆಗೆ ಬಿಟ್ಟುಬಿಡಲಿ, ಪುಣ್ಯ ಬರುತ್ತದೆ" ಎಂದರು ಒಬ್ಬ ಅಕ್ಕ. ಒಪ್ಪಲಾರೆ. ನಮ್ಮೂರಿನ ಕೆರೆ ಅದರ ಮನೆಯಲ್ಲ. ಅಲ್ಲಿ ಅದು ಸಾಯಬಹುದು, ಇಲ್ಲವೇ ಗಾಜಿನ ಪೆಟ್ಟಿಗೆಯ ರೋಗವನ್ನು ಕೆರೆಯ ಮೀನುಗಳಿಗೆ ಹಚ್ಚಬಹುದು. ಜೀವದಾನದ ಹೆಸರಲ್ಲಿ ಜವಾಬ್ದಾರಿ ಕಳಚಿಕೊಂಡಂತಾಗುತ್ತದೆ ಅಷ್ಟೆ. ತಂದಾಗಿದೆ, ಸಾಕಬೇಕು. ಒಂದು ಮೀನಿಗೆ 20 ಲೀಟರಾದರೂ ನೀರು, ಅಡಗಿಕೊಳ್ಳಲು ಗಿಡ, ಫಿಲ್ಟರ್ ಇರಬೇಕು. ಉಳಿದ ಆಹಾರ ಕೊಳೆತರೆ ನೀರಿನಲ್ಲಿ ಅಮೋನಿಯಾ ಏರುತ್ತದೆ, ಆದ್ದರಿಂದ ಅದನ್ನು ತೆಗೆದು ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸಬೇಕು. ಬಸವನಹುಳುವನ್ನು ಬೇರೆ ಡಬ್ಬಿಯಲ್ಲಿ ಬೆಳೆಸಿ, ತಿನ್ನುವಷ್ಟೇ ಹಾಕಬೇಕು. ಇದು ಸತ್ತ ಮೇಲೆ ಇನ್ನೊಂದನ್ನು ತರಬೇಕೇ ಎಂಬುದನ್ನು ಮಾತ್ರ ಅಂಗಡಿಗೆ ಹೋಗುವ ಮೊದಲೇ ಯೋಚಿಸಬೇಕು.

ಭವತು ಸಬ್ಬ ಮಂಗಲಂ.